ನಾಲ್ಕು ಪಾಕೀಟಿಗೆ ಚುಚ್ಚಿದ ಸೂಜಿ

ನಾನು ಓದಿದ್ದು ನಾಲ್ಕನೇ ಇಯತ್ತೆವರೆಗೆ. ಆದರೂ ಮಾಂಸದ ವಿಷಯದಲ್ಲಿ ನನಗೆ ಯಾರೂ ಮೋಸ ಮಾಡಲಾರರು ಎಂದುಕೊಂಡಿದ್ದೆ. ಮೆಹದಿಪಟ್ಟಣಂ ಬಜಾರಿನಲ್ಲಿ ಮುಂಜಾನೆ ಕಣ್ಣೆದುರು ಕಡಿದು ಕೊಟ್ಟದ್ದನ್ನಷ್ಟೇ ತರುತ್ತಿದ್ದೆ. ನನ್ನ ತಮ್ಮ ಪಾಕೀಟು ಮುಚ್ಚುವ ಯಂತ್ರ ಕೊಂಡು, ಪಾಕೀಟಿನಲ್ಲಿ ಮಟನ್ ಮಾರುವ ಅಂಗಡಿ ಹಾಕಿದ್ದು ನನಗೆ ಸರಿಬರಲಿಲ್ಲ.

"ಒಳಗಿನ ಗಾಳಿ ತಗದು ಬ್ಯಾರೆ ಗಾಳಿ ತುಂಬತೀವಿ ಅಕ್ಕಾ. ಒಂದು ಗಾಳಿ ಮಾಂಸದ ಕೆಂಪು ಉಳಸ್ತೈತಿ, ಇನ್ನೊಂದು ಕೆಡೂದನ್ನ ತಡೀತೈತಿ. ಫ್ರಿಜ್ಜಿನ್ಯಾಗ ವಾರ ಇಟ್ರೂ ಏನಾಗಂಗಿಲ್ಲ."

"ಸತ್ತ ಕುರಿಗೆ ಎಂಥಾ ಗಾಳಿನೋ? ಬಣ್ಣ ಹಚ್ಚೀನಿ ಅನ್ನು."

ಅವನು ನಕ್ಕುಬಿಟ್ಟ.

ನನ್ನ ಮೈದುನ ನಾರಾಯಣಗೂಡದಲ್ಲಿ ಕೋಚಿಂಗ್ ಹುಡುಗರಿಗೆ ಮೆಸ್ ನಡೆಸುತ್ತಾನೆ. ರವಿವಾರ ನಮ್ಮಲ್ಲಿ ಉಂಡು, ಹಿಡಿಸಿದರೆ ದಿನಾ ತಮ್ಮನಿಂದಲೇ ಮಾಂಸ ತರಿಸುವವನಿದ್ದ. ಅದಕ್ಕೆಂದು ತಮ್ಮ ಗುರುವಾರವೇ ನಾಲ್ಕು ಪಾಕೀಟು ನಮ್ಮ ಫ್ರಿಜ್ಜಿನಲ್ಲಿಟ್ಟು ಹೋದ.

ಶುಕ್ರವಾರ ನೋಡಿದರೆ ಈಗಷ್ಟೇ ಕಡಿದಂತೆ ಕೆಂಪು. ಆ ಕೆಂಪನ್ನೇ ನಾನು ನಂಬಲಿಲ್ಲ. ರವಿಕೆ ಹೊಲಿಯುವ ಸೂಜಿಯಿಂದ ಒಂದಕ್ಕೆ ಚುಚ್ಚಿ ಮೂಸಿದೆ. ವಾಸನೆಯಿಲ್ಲ. ಇನ್ನೊಂದರಲ್ಲಿ ಇದ್ದೀತು ಎಂದು ನಾಲ್ಕಕ್ಕೂ ಚುಚ್ಚಿದೆ. ತೂತು ಕಣ್ಣಿಗೆ ಕಾಣುವಂತಿರಲಿಲ್ಲ. ಮತ್ತೆ ಒಳಗಿಟ್ಟೆ.

ರವಿವಾರ ಮೈದುನನ ಎದುರೇ ನನ್ನ ತಮ್ಮ ಮೊದಲನೆಯದನ್ನು ಬಿಚ್ಚಿದ. ಮಾಂಸ ಕಂದಾಗಿತ್ತು, ಹುಳಿ ನಾತ. ಎರಡನೆಯದೂ ಮೂರನೆಯದೂ ಹಾಗೆಯೇ.

"ಇದನ್ನ ತಿಂದ್ರ ನನ್ನ ಹುಡುಗ್ರು ಪರೀಕ್ಷಾಕ್ಕಲ್ಲ, ದವಾಖಾನಿಗೆ ಹೋಗ್ತಾರ್ರಿ," ಎಂದ ಮೈದುನ, ಮೂಗು ಮುಚ್ಚಿಕೊಂಡು.

ನಾಲ್ಕನೆಯದನ್ನು ತಮ್ಮ ಬಿಚ್ಚದೆ ಬಕೆಟ್ ನೀರಿನಲ್ಲಿ ಅದುಮಿದ. ಮೇಲಿನ ಪ್ಲಾಸ್ಟಿಕ್ ಹಾಳೆಯ ನಡುವಿನಿಂದ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಅವನು ತುಂಬಿದ್ದ ಗಾಳಿ ನಾನು ಚುಚ್ಚಿದ ತೂತಿನಿಂದ ಹೋಗಿ, ಹೊರಗಿನದು ಒಳಹೊಕ್ಕಿತ್ತು.

"ಅಂಚು ಗಟ್ಟಿ ಐತಿ. ನಡುವ ಹೆಂಗ ತೂತು ಬಿತ್ತು?" ನನ್ನ ಮುಖ ನೋಡಿದ.

"ನಿನ್ನ ಮಷೀನೇ ಕಚ್ಚಿರಬೇಕು," ಎಂದೆ.

ನಂಬಿದ. ಅಂಗಡಿಯಲ್ಲಿದ್ದದ್ದನ್ನೆಲ್ಲ ಎಸೆದ. ಯಂತ್ರದವರು ಬಂದು ದೋಷವಿಲ್ಲ ಎಂದರೂ ಅವನಿಗೆ ಧೈರ್ಯ ಬರಲಿಲ್ಲ. ಮೆಸ್ಸಿನ ಆರ್ಡರ್ ಹೋಯಿತು, ಸ್ವಲ್ಪ ದಿನಕ್ಕೆ ಅಂಗಡಿಯೂ. ಈಗ ಬೇಗಂಪೇಟೆಯಲ್ಲಿ ಯಾರದೋ ಕೈಕೆಳಗೆ ದುಡಿಯುತ್ತಾನೆ.

ಪ್ರತಿ ರವಿವಾರ ಮುಂಜಾನೆ ಮೆಹದಿಪಟ್ಟಣಂನಿಂದ ಎದುರು ನಿಂತು ಕಡಿಸಿದ ಮಟನ್ ತಂದುಕೊಟ್ಟು, "ನೀ ಸಂಶೇ ಪಟ್ಟಿದ್ದ ಖರೇ ಆತು ನೋಡಕ್ಕಾ," ಎನ್ನುತ್ತಾನೆ. ಗೊತ್ತಿದ್ದೇ ಹಾಗೆನ್ನುತ್ತಾನೋ ಎಂದು ಮುಖ ನೋಡುತ್ತೇನೆ. ಏನೂ ತಿಳಿಯುವುದಿಲ್ಲ. ಚೀಲ ಈಸಿಕೊಂಡು ಒಳಗೆ ಹೋಗುತ್ತೇನೆ.