ಹನ್ನೊಂದು ವರ್ಷದ ಹೆಣ

ಬ್ಲೈತ್ ಊರಿನಲ್ಲಿ ಹೆಸ್ಲಪ್‌ನಷ್ಟು ಅಚ್ಚುಕಟ್ಟಾಗಿ ಸಾಯುವವರು ಇನ್ನೊಬ್ಬರಿಲ್ಲ. ಇನ್‌ಸ್ಪೆಕ್ಟರಮ್ಮ ಕೊಲೆ ಪತ್ತೆಹಚ್ಚುವ ಟೀವಿ ಧಾರಾವಾಹಿಯಲ್ಲಿ ಹನ್ನೊಂದು ವರ್ಷದಿಂದ ಹೆಣದ ಪಾತ್ರ ಅವನದೇ. ಒಮ್ಮೆ ಗಡ್ಡ ಅಂಟಿಸಿ, ಒಮ್ಮೆ ಬೋರಲು ಮಲಗಿಸಿ, ಅದೇ ಹೆಣವನ್ನು ಹೊಸದು ಮಾಡುತ್ತಾರೆ. ಬಸ್ಸಿಗೆ ಕಾಯುವಾಗಲೂ ಉಸಿರು ಬಿಗಿಹಿಡಿದು ಅಭ್ಯಾಸ ಮಾಡುವ ಅವನನ್ನು ನೋಡಿ ಜನ ಎರಡು ಸಲ ಆಂಬುಲೆನ್ಸ್ ಕರೆಸಿದ್ದುಂಟು. ಪಬ್ಬಿನ ಒಡತಿ ಡಾಟ್, "ಈ ವಾರ ಎಲ್ಲಯ್ಯಾ ಸತ್ತಿದ್ದೆ?" ಎಂದರೆ, "ಸಮುದ್ರದ ದಂಡೇಲಿ ಕಣಮ್ಮ. ಏಡಿ ಮೂಗಿನ ಮೇಲೇ ಹತ್ತಿತು, ನಾನು ಮಿಸುಕ್ಲಿಲ್ಲ!" ಎಂದು ಎದೆಯುಬ್ಬಿಸುತ್ತಾನೆ. ಎರಡು ಮಾತಿರುವ ಅಂಚೆಯವನ ಪಾತ್ರ ಬಂದಾಗ, "ಬದುಕಿರೋರನ್ನ ಯಾರ್ ಕೇಳ್ತಾರೆ ಬಿಡಿ ಸಾರ್" ಎಂದು ನಿರ್ದೇಶಕನನ್ನೇ ವಾಪಸು ಕಳಿಸಿದ. ಪ್ರತಿ ಕಂತಿನಲ್ಲೂ ಇನ್‌ಸ್ಪೆಕ್ಟರಮ್ಮ ಅವನ ಪಕ್ಕ ಮಂಡಿಯೂರಿ, "ಯಾರಪ್ಪಾ ನೀನು? ನಿನ್ನೆ ಏನ್ ತಿಂದಿದ್ದೆ? ಜೊತೇಲಿ ಯಾರಿದ್ರು?" ಎಂದು ಕೇಳುವುದು ವಾಡಿಕೆ. ಮೊನ್ನೆ ಮಂಗಳವಾರ ನಿರ್ದೇಶಕ 'ಕಟ್' ಎಂದು ಕೂಗಿ, ಎಲ್ಲರೂ ಚಹಾಕ್ಕೆ ಓಡಿದರೂ ಹೆಸ್ಲಪ್ ಏಳಲಿಲ್ಲ. ಇನ್‌ಸ್ಪೆಕ್ಟರಮ್ಮನ ವೇಷದ ನಟಿ ಗಾಬರಿಬಿದ್ದು ಭುಜ ಅಲುಗಿಸಿದಳು. "ಟೋಸ್ಟು, ಬೀನ್ಸು," ಎಂದ ಹೆಸ್ಲಪ್, ಕಣ್ಣು ಮುಚ್ಚಿಕೊಂಡೇ. "ಜೊತೇಲಿ ಯಾರೂ ಇರ್ಲಿಲ್ಲ, ಮೇಡಂ."