ಕೊಬ್ಬರಿ ಅಟ್ಟದಲ್ಲಿ ಸಿಕ್ಕಿಬಿದ್ದೆ

ಬಾಣಾವರದ ಗೆಳೆಯರೇ, ಅರಸೀಕೆರೆಯಿಂದ ಅವಸರದಲ್ಲಿ ಬರೆದ ಕಾಗದ ಇದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಕಾಗುಣಿತ ನೋಡಿ ನಗಬೇಡಿ. ನಗಲು ಬೇರೆ ವಿಷಯವಿದೆ.

ನಮ್ಮ ಮನೆಯಲ್ಲಿ ಹಿರಿಯರ ಎದುರು ಗಂಡಸು ತನ್ನ ಮಗುವನ್ನು ಎತ್ತಿಕೊಳ್ಳುವಂತಿಲ್ಲ. ಅಣ್ಣನ ಮಕ್ಕಳನ್ನು ಎಷ್ಟು ಬೇಕಾದರೂ ಎತ್ತಬಹುದು. ತನ್ನದನ್ನು ಎತ್ತಿದರೆ ನಾಚಿಕೆಗೇಡು. ನನ್ನ ಮಗಳಿಗೆ ಎಂಟು ತಿಂಗಳು. ಅಪ್ಪಯ್ಯ ಜಗಲಿ ಬಿಟ್ಟು ಏಳುವುದೇ ಅಪರೂಪ. ಇವತ್ತು ಬೆಳಿಗ್ಗೆ ಅವರು ತೋಟಕ್ಕೆ ಹೋದರೆಂದು ಕೂಸನ್ನು ಎತ್ತಿಕೊಂಡು ಕೊಬ್ಬರಿ ಅಟ್ಟ ಹತ್ತಿದೆ. ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನುತ್ತದಲ್ಲ, ಅದಕ್ಕೆ ಅವಳು ಕೇಕೆ ಹಾಕಿ ನಕ್ಕಳು.

ಕೆಳಗಿನಿಂದ ಅಪ್ಪಯ್ಯನ ದನಿ: "ಯಾರ್ಲಾ ಅದು ಅಟ್ಟದಾಗೆ?"

"ನಾನು ಅಪ್ಪಯ್ಯ. ಇಲಿ ಓಡಿಸ್ತಾ ಇದೀನಿ."

"ಇಲಿ ನಗ್ತೈತೇನ್ಲಾ?"

ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಕೂಗಿದಳು: "ಸುಮ್ಕಿರ್ರೀ! ಇದೇ ಅಟ್ಟದಾಗೆ ಇವನ್ನ ಎತ್ಕಂಡು ಕುಂತಿದ್ದಾಗ, ನೀವು ನಿಮ್ಮಪ್ಪಯ್ಯನಿಗೆ ಬೆಕ್ಕು ಅಂತ ಹೇಳಿರ್ಲಿಲ್ವಾ?"

ಅಪ್ಪಯ್ಯ ಸುಮ್ಮನೆ ಕೆಮ್ಮಿದರು. ಆಮೇಲೆ ಏಣಿ ಹಿಡಿದುಕೊಂಡು, "ಹುಷಾರಾಗಿ ಇಳಿ ಕಣ್ಲಾ. ಮೂರನೇ ಮೆಟ್ಲು ಅಲ್ಲಾಡ್ತೈತೆ. ಆವಾಗ್ಲಿಂದ್ಲೂ ಅಂಗೇ ಐತೆ" ಎಂದರು.

ಎಲ್ಲರ ಎದುರಿಗೇ ಮಗಳನ್ನು ಎತ್ತಿಕೊಂಡು ಇಳಿದೆ. ನೆಲಕ್ಕೆ ಕಾಲಿಟ್ಟ ಕೂಡಲೇ ಅವಳನ್ನು ಕಿತ್ತುಕೊಂಡು ಅಪ್ಪಯ್ಯ ಜಗಲಿ ಸೇರಿದರು, ಇನ್ನೂ ಕೊಟ್ಟಿಲ್ಲ. ಹೀಗಾದರೆ ನನಗೆ ಮತ್ತೆ ಅಟ್ಟವೇ ಗತಿ. ಸುತ್ತಿಗೆ ಹುಡುಕಿ ಆ ಮೂರನೇ ಮೆಟ್ಟಿಲಿಗೆ ಎರಡು ಮೊಳೆ ಹೊಡೆದೆ.