ಕಾವಲುಗಾರನ ಹಲ್ಲುನೋವು
ಕಾರ್ತೇಜಿನ ಬಂದರಿನಲ್ಲಿ ಒಣ ಅಂಜೂರ ಮಾರುವ ಅರಿಶತ್ ಅಜ್ಜಿ ಪ್ರಾರ್ಥನೆಗೆ ಕೈ ಎತ್ತಿದಳೆಂದರೆ, ಜೊತೆಗೆ ಕೈ ಎತ್ತಿ ನಿಂತವರ ತೋಳುಗಳ ಕಥೆ ಮುಗಿದಂತೆಯೇ. ಕ್ರಿಸ್ತನ ಹೆಸರೆತ್ತಿದರೆ ಸೆರೆಗೆ ತಳ್ಳುವ ಕಾಲ. ಎಣ್ಣೆಗಾಣದ ಹಿಂದಿನ ಕೋಣೆಯಲ್ಲಿ ಕದ ಹಾಕಿಕೊಂಡು ಎಲ್ಲರೂ ಪಿಸುಗುಟ್ಟಿದರೆ, ಈಕೆಯದು ದೂರದ ಹಡಗನ್ನು ಕೂಗಿ ಕರೆಯುವ ಗಂಟಲು. ಹಿಂಸಿಸುವವರಿಗಾಗಿಯೂ ಬೇಡಿಕೊಳ್ಳಿ ಎಂದು ಸಭೆಯ ಹಿರಿಯರು ಹೇಳಿದ್ದೇ ತಡ, “ಸ್ವಾಮಿ, ಸೆರೆಮನೆ ಕಾಯೋ ರೊಗಾತನ ಹಲ್ಲುನೋವು ವಾಸಿ ಮಾಡಪ್ಪ. ಎಡಗಡೆ ದವಡೆ! ಹೋದ ವಾರ ನೀನು ಬಲಗಡೆ ನೋಡಿಬಿಟ್ಟೆ ಅಂತ ಕಾಣುತ್ತೆ” ಎಂದು ಶುರುಮಾಡುತ್ತಾಳೆ. ದೇವರಿಗೆ ಮತ್ತೆ ಗೊಂದಲವಾಗಬಾರದೆಂದು ಒಂದು ಕೈ ಇಳಿಸಿ ತನ್ನದೇ ಕೆನ್ನೆ ಮುಟ್ಟಿ ತೋರಿಸುತ್ತಾಳೆ. “ಮೆಲ್ಲಗೆ ಅಜ್ಜಿ, ಬೀದೀಲಿ ಸಿಪಾಯಿಗಳಿದಾರೆ” ಎಂದು ಯಾರಾದರೂ ಬೆವರಿದರೆ, “ಇರಲಿ ಬಿಡು, ಅವರನ್ನೂ ಸೇರಿಸೇ ಬೇಡ್ಕೋತಿದೀನಿ” ಎನ್ನುತ್ತಾಳೆ. ಅಜ್ಜಿಯ ಮಗಳು ರೊಗಾತ ಕಾಯುವ ಸೆರೆಯಲ್ಲಿದ್ದಷ್ಟು ದಿನ ಈ ಮುತುವರ್ಜಿ ಎಲ್ಲರಿಗೂ ಅರ್ಥವಾಗುತ್ತಿತ್ತು. ಆದರೆ ಅಧಿಕಾರಿಗಳು ಮಗಳನ್ನು ಅಖಾಡದಲ್ಲಿ ಮೃಗಗಳ ಬಾಯಿಗೆ ಕೊಟ್ಟ ಮರುವಾರವೂ ಅಜ್ಜಿ ಅದೇ ದವಡೆಯ ಮಾತೆತ್ತಿದಾಗ, ಬಾಗಿಲು ಕಾಯುವ ಮಿಗ್ಗಿನ್ ತಡೆಯಲಾರದೆ, “ಇನ್ನೂ ಅವನ ಚಿಂತೆ ನಿನಗ್ಯಾಕಜ್ಜಿ?” ಎಂದ. ಅಜ್ಜಿ ಎತ್ತಿದ ಕೈ ಇಳಿಸಲಿಲ್ಲ. “ಹಲ್ಲು ನೋಯೋ ದಿನ ಅವನು ಒಳಗಿರೋರಿಗೆ ನೀರು ಕೊಡಲ್ಲ ಕಣೋ. ನನ್ನವಳು ಹೋದಳು ಅಂತ ಉಳಿದವರಿಗೆ ಬಾಯಾರಿಕೆ ನಿಂತ್ಹೋಯ್ತಾ?”